ಕಮ್ಮಿ ಬಂದವರು ಕಾಫಿ ಬಗ್ಗಿಸಬೇಕು

ವರ್ಷಕ್ಕೊಂದು ಸಲ, ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ, ನಾನು ಆಲೂರಿನಲ್ಲಿ ಬಸ್ಸು ಹತ್ತಿ ಕುಂದೂರು ದಾಟಿ ನಮ್ಮ ಹಳೆಯ ಊರಿನ ಕೈಮರದ ಹತ್ತಿರ ಇಳಿಯುತ್ತೇನೆ. ಅಲ್ಲಿ ಈಗ ನನಗೆ ಮನೆಯಿಲ್ಲ, ಜಮೀನಿಲ್ಲ. ಇರುವುದು ಒಂದೇ ಕೆಲಸ. ರುದ್ರಪ್ಪನವರ ಮನೆಯ ಜಗಲಿಯಲ್ಲಿ ಕೂತು ಕಾಫಿ ಕುಡಿದು ಬರುವುದು. ನಮ್ಮಿಬ್ಬರದು ಸ್ನೇಹವೇನಲ್ಲ. ಸ್ನೇಹವಾಗಿದ್ದರೆ ಒಂದೆರಡು ವರ್ಷ ತಪ್ಪಿಸಿಯೇನು. ಇದನ್ನು ಮಾತ್ರ ಜ್ವರ ಬಂದ ವರ್ಷವೂ ತಪ್ಪಿಸಿಲ್ಲ.

ಈ ಸಲವೂ ಬಸ್ಸಿನಿಂದ ಕಾಲು ಕೆಳಗಿಡುತ್ತಲೇ ಪಲ್ಪರ್ ಮಿಷನ್ನಿನ ನೀರಿನ ವಾಸನೆ ಬಡಿಯಿತು. ಹಣ್ಣಿನ ಸಿಪ್ಪೆ ಗುಂಡಿಯಲ್ಲಿ ಕೊಳೆತು ಹುಳಿ ಬಂದ ವಾಸನೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ಎಸ್ಟೇಟಿನಲ್ಲಿ ಬೆನ್ನು ಬಗ್ಗಿಸಿದವರಿಗೆ ಆ ವಾಸನೆಗೆ ಹಸಿವಾಗುತ್ತದೆ. ನನಗೆ ಆಗುವುದು ಬೇರೆ. ಸಂತೆಮಾಳದಲ್ಲಿ ಕಾಫಿಯ ಕೆಟಲು ಹಿಡಿದು ನಿಂತ ಆ ಒಂದು ಕಾಲ ಪೂರಾ ಎದೆಗೆ ಬಂದು ಕೂರುತ್ತದೆ.

ಎರಡು ಸಾವಿರದ ಇಸವಿ ಕಳೆದ ಹೊಸತು. ನಾನು ಆಗ ದೊಡ್ಡ ಎಸ್ಟೇಟೊಂದರಲ್ಲಿ ಮೇಸ್ತ್ರಿ. ಐದನೇ ಕ್ಲಾಸಿನಲ್ಲಿ ಸ್ಲೇಟು ಕೆಳಗಿಟ್ಟು ಕತ್ತಿ ಹಿಡಿದವನು. ಹಿಡಿದ ಕತ್ತಿಗೆ ತುಕ್ಕು ಹಿಡಿಯಲು ಬಿಟ್ಟವನಲ್ಲ. ನೆರಳುಮರದ ಕೊಂಬೆ ಸವರುವ ಮರಗಸಿ ಇರಲಿ, ಚಿಗುರು ತೆಗೆಯುವುದಿರಲಿ, ಇನ್ನೊಬ್ಬರು ಬಂದು ನನಗೆ ತೋರಿಸಿಕೊಡಬೇಕಾದದ್ದು ಏನೂ ಇರಲಿಲ್ಲ. ನಮ್ಮ ಮನೆ ಮೇಲಿನಕೊಪ್ಪಲಿನಲ್ಲಿ. ಗುಡ್ಡದ ನೆತ್ತಿಯ ಮೇಲೆ ಕೂಲಿಯವರ, ಸಣ್ಣ ಹಿಡುವಳಿಯವರ ಮನೆಗಳು. ಪಂಚಾಯ್ತಿ ಎಲೆಕ್ಷನ್ ಬಂದಾಗ ಕೊಪ್ಪಲಿನವರೇ ನನ್ನನ್ನು ನಿಲ್ಲಿಸಿ ಗೆಲ್ಲಿಸಿದರು.

ನಮ್ಮ ಪಂಚಾಯ್ತಿಗೆ ಸೇರಿದ್ದು ಮೂರು ಊರು. ಗುಡ್ಡದ ಬುಡದಲ್ಲಿ ಪೇಟೆಬೀದಿ. ಪಂಚಾಯ್ತಿ ಆಫೀಸು, ಅಂಗಡಿ, ಸಂತೆಮಾಳ ಎಲ್ಲ ಅಲ್ಲೇ. ಅರ್ಧ ಗುಡ್ಡಕ್ಕೆ ಹೊನ್ನಗುಡ್ಡ. ಅದರ ಮೇಲೆ ನಾವು. ಪೇಟೆಬೀದಿಯ ಅಂಗಡಿ ಸಾಹುಕಾರ ರುದ್ರಪ್ಪ ಅಲ್ಲಿನ ಮೆಂಬರು, ಪಂಚಾಯ್ತಿಗೆ ಅಧ್ಯಕ್ಷ. ಉಪ್ಪಿನಿಂದ ಬೆಲ್ಲದವರೆಗೆ ಮೂರೂ ಊರಿಗೆ ಸಾಮಾನು ಹೋಗುತ್ತಿದ್ದುದು ಅವನ ಅಂಗಡಿಯಿಂದ. ಜನ ಅವನನ್ನು ರುದ್ರಪ್ಪನವರು ಅನ್ನುತ್ತಿದ್ದರು. ಎದುರಿಗೆ ನಾನೂ ಅನ್ನುತ್ತೇನೆ. ಇಲ್ಲಿ ಅನ್ನಬೇಕೆಂದಿಲ್ಲ.

ಇದ್ದದ್ದು ಒಂದು ಬೋರು, ಒಂದು ಪಂಪು. ಮೊದಲು ಪೇಟೆಬೀದಿಗೆ ನೀರು, ಆಮೇಲೆ ಹೊನ್ನಗುಡ್ಡಕ್ಕೆ, ಅಷ್ಟರಲ್ಲಿ ಕರೆಂಟು ಉಳಿದಿದ್ದರೆ ನಮಗೆ. ಕರೆಂಟು ಉಳಿಯುತ್ತಿರಲಿಲ್ಲ. ಕೊಪ್ಪಲಿನಲ್ಲಿ ಟ್ಯಾಂಕು ಇತ್ತು, ಪೈಪು ಇತ್ತು, ನಲ್ಲಿಗೆ ಹಿತ್ತಾಳೆಯ ತಿರುಪು ಕೂಡ ಇತ್ತು. ಆ ತಿರುಪು ಹೊಸದಾಗಿಯೇ ಉಳಿದಿತ್ತು, ತಿರುಗಿಸುವವರಿಲ್ಲದೆ. ಹೆಂಗಸರು ಗುಡ್ಡದ ಹಿಂಬದಿಯ ಕಂದರಕ್ಕೆ ಇಳಿದು ಒರತೆಯಿಂದ ಕೊಡ ಹೊತ್ತು ತರುತ್ತಿದ್ದರು.

ನಾನು ಗೆದ್ದ ವರ್ಷದ ಆಷಾಢದಲ್ಲಿ ನನ್ನ ಹೆಂಡತಿ ಗೌರಮ್ಮ ಆ ದಾರಿಯಲ್ಲಿ ಜಾರಿದಳು. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ. ಪಾಚಿ ಹಿಡಿದ ಕಲ್ಲು. ಕೊಡ ಉಳಿಸಲು ಹೋಗಿ ತಾನು ಬಿದ್ದಳು. ನಾಲ್ಕು ಜನ ಕಂಬಳಿಗೆ ಬಿದಿರು ಗಳು ಕಟ್ಟಿ ಹೊತ್ತು ತಂದೆವು. ಹಾಸನದಲ್ಲಿ ಸೇರಿಸಿದ್ದಾಯಿತು, ಮೂಳೆಯೂ ಕೂಡಿತು, ಆದರೆ ಒಂದು ಕಾಲು ಗಿಡ್ಡವಾಯಿತು. ನಾಟಿ ಗದ್ದೆಯಲ್ಲಿ ಎಲ್ಲರಿಗಿಂತ ಮುಂದೆ ಇರುತ್ತಿದ್ದವಳು ಒಲೆಯಿಂದ ಬಾಗಿಲಿಗೆ ಗೋಡೆ ಹಿಡಿದು ನಡೆಯುವಂತಾದಳು.

ಅವಳು ಮನೆಗೆ ಬಂದ ಮೇಲಿನ ಮೊದಲ ಮೀಟಿಂಗಿನಲ್ಲಿ ನಾನು ಎದ್ದು ನಿಂತು ಕೊಪ್ಪಲಿಗೆ ನೀರು ಯಾಕೆ ಹತ್ತಿಸುತ್ತಿಲ್ಲ ಎಂದು ಕೇಳಿದೆ. ಗೌರಮ್ಮ ಬಿದ್ದದ್ದನ್ನೂ ಹೇಳಿದೆ. ಗಟ್ಟಿಯಾಗಿ ಕೇಳಲಿಲ್ಲ, ಮರ್ಯಾದೆಯಿಂದಲೇ ಕೇಳಿದೆ. ರುದ್ರಪ್ಪ ಎಲೆಗೆ ಸುಣ್ಣ ಸವರುತ್ತಿದ್ದವನು ತಲೆ ಎತ್ತಲಿಲ್ಲ.

“ಗುಡ್ಡದ್ ನೆತ್ತಿ ಮೇಲೆ ಮನೆ ಕಟ್ಕಳಿ ಅಂತ ನಿಮ್ಗೆ ಹೇಳ್ದೋರ್ ಯಾರು ಮಾರಾಯ? ಕೊಡ ಹೊರಕ್ ಬರ್ದಿದ್ರೆ ಬೀಳ್ತಾರಪ್ಪ. ಅದುಕ್ಕೂ ಪಂಚಾಯ್ತಿಗೂ ಏನ್ ಸಂಬಂಧ?”

ಕೂತಿದ್ದವರು ನಕ್ಕರು. ನಗಲೇಬೇಕೆಂದಿರಲಿಲ್ಲ ಅವರಿಗೆ, ಆದರೂ ನಕ್ಕರು. ನಾನು ಕೂತುಕೊಂಡೆ. ಮನೆಗೆ ಹೋಗಿ ಗೌರಮ್ಮನಿಗೆ ಹೇಳಬಾರದೆಂದಿದ್ದೆ. ಆದರೆ ಅಂಥ ಮಾತು ನನಗಿಂತ ಮೊದಲೇ ಗುಡ್ಡ ಹತ್ತಿತ್ತು. ಅವಳು ಅಳಲಿಲ್ಲ. ಕೊಡ ಹೊರಲು ತನಗೆ ಬರುತ್ತಿತ್ತೋ ಇಲ್ಲವೋ ಎಂದು ಒಂದೇ ಸಲ ನನ್ನನ್ನು ಕೇಳಿದಳು. ಆ ಮನುಷ್ಯ ಊರೆದುರಿಗೆ ಇವಳ ಮುಂದೆ ಬಗ್ಗಿ ನಿಲ್ಲಬೇಕು, ಅದನ್ನು ನಾನು ಕಣ್ಣಾರೆ ನೋಡಬೇಕು ಎಂದು ಅವತ್ತು ನಿಶ್ಚಯಿಸಿದೆ. ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ.

ದಾರಿ ತೋರಿಸಿದ್ದು ಆಲೂರಿನಿಂದ ಬಂದ ಒಂದು ಆರ್ಡರು. ಪಂಚಾಯ್ತಿ ಮಾಡಿದ ಕೆಲಸ ಯಾವ ಊರಿಗೆ ಎಷ್ಟು ತಲುಪಿದೆ ಎಂಬುದನ್ನು ಜನಕ್ಕೆ ತಿಳಿಯುವಂತೆ ತೋರಿಸಬೇಕಂತೆ. ಆಗಷ್ಟೇ ಅರಸೀಕೆರೆ ಕಡೆಯಿಂದ ಬಂದಿದ್ದ ಕಾರ್ಯದರ್ಶಿ ಶಾರದಮ್ಮ ಪಾಪ, ಆಫೀಸಿನ ಗೋಡೆಗೆ ಕಪ್ಪು ಬಣ್ಣ ಬಳಿಸಿ ಸುಣ್ಣದಲ್ಲಿ ಗೆರೆ ಎಳೆದು ಬರೆಸಿದರು. ಬಯಲುಸೀಮೆಯಲ್ಲಿ ಅದು ವರ್ಷ ನಿಲ್ಲುತ್ತಿತ್ತೋ ಏನೋ. ನಮ್ಮಲ್ಲಿ ವಾರಕ್ಕೆ ಪಾಚಿ ಬಂತು. ಉಳಿದ ಸುಣ್ಣವನ್ನು ಆಡು ನೆಕ್ಕಿತು. ಇದ್ದಾಗಲೂ ಅದನ್ನು ಓದಿದವರನ್ನು ನಾನು ಕಾಣೆ. ಏನು ಮಾಡುವುದು ಎಂದು ಅವರು ಮೀಟಿಂಗಿನಲ್ಲಿ ಕೇಳಿದಾಗ ನಾನು ಎದ್ದೆ.

ನಮ್ಮ ಎಸ್ಟೇಟಿನಲ್ಲಿ ಒಂದು ಪದ್ಧತಿ ಇತ್ತು. ಸಂಜೆ ಕಣದಲ್ಲಿ ಎಲ್ಲರೂ ಕುಯ್ದ ಹಣ್ಣನ್ನು ಡಬ್ಬದಲ್ಲಿ ಅಳೆದು, ಮೇಲೆ ಕಡ್ಡಿ ಎಳೆದು ಮಟ್ಟ ಮಾಡಿ, ಹೆಸರು ಹಿಡಿದು ಕೂಗಿ ಹೇಳುವುದು. ಈ ಲೈನಿನ ಮನೆಗಳ ಕೂಲಿಯವರ ಹಣ್ಣನ್ನು ಆ ಲೈನಿನವರು ಅಳೆಯಬೇಕು. ತಮ್ಮದನ್ನು ತಾವೇ ಅಳೆಯುವ ಹಾಗಿಲ್ಲ. ಎಲ್ಲ ಮುಗಿದ ಮೇಲೆ ಬೆಲ್ಲದ ಕಾಫಿ. ಅವತ್ತು ಯಾರ ಹಣ್ಣು ಎಲ್ಲರಿಗಿಂತ ಕಮ್ಮಿಯೋ ಅವರು ಕೆಟಲು ಹಿಡಿದು ಮಿಕ್ಕವರಿಗೆಲ್ಲ ಬಗ್ಗಿಸಬೇಕು. ಬೈಗುಳವಿಲ್ಲ, ಕೂಲಿ ಮುರಿಯುವುದಿಲ್ಲ. ಆದರೆ ಒಂದು ಸಂಜೆ ಕೆಟಲು ಹಿಡಿದವನ ಕೈ ಮಾರನೆಯ ದಿನ ಗಿಡದ ಮೇಲೆ ಹೇಗೆ ಓಡುತ್ತಿತ್ತು ಎಂಬುದನ್ನು ನಾನು ವರ್ಷಗಟ್ಟಲೆ ನೋಡಿದ್ದೆ.

ಹಾಗೇ ಸಂತೆಯ ದಿನ, ಜನ ಸೇರಿದ ಹೊತ್ತಿಗೆ, ಯಾವ ಊರಿಗೆ ಎಷ್ಟು ನೀರು ಬಂತು, ಎಷ್ಟು ಬೀದಿದೀಪ ಉರಿಯಿತು ಎಂದು ಕೂಗಿ ಹೇಳೋಣ ಎಂದೆ. ಅಳೆಯುವುದು ಆ ಊರಿನವರಲ್ಲ, ಪಕ್ಕದ ಊರಿನವರು. ಪೇಟೆಯವರು ಕೊಪ್ಪಲನ್ನು, ಕೊಪ್ಪಲಿನವರು ಹೊನ್ನಗುಡ್ಡವನ್ನು, ಹೊನ್ನಗುಡ್ಡದವರು ಪೇಟೆಯನ್ನು. ಶಾರದಮ್ಮನಿಗೆ ಹಿಡಿಸಿತು. ರುದ್ರಪ್ಪ ಬೇಡವೆನ್ನುತ್ತಾನೆ ಎಂದುಕೊಂಡಿದ್ದೆ. ಅವನು ನನ್ನ ಕಡೆ ನೋಡಿ ಮೀಸೆಯೊಳಗೇ ನಕ್ಕ.

“ಎಸ್ಟೇಟ್ ಪದ್ಧತಿ ಅಂದ್ಮೇಲೆ ಪೂರ್ತಿ ಎಸ್ಟೇಟ್ ಪದ್ಧತಿನೇ ಆಗ್ಲಿ ಮೇಸ್ತ್ರಿ. ಕಮ್ಮಿ ಬಂದೋರು ಕಾಫಿ ಬಗ್ಗುಸ್ಬೇಕು. ಆ ಊರಿನ್ ಮೆಂಬರ್ರು. ಬೆಲ್ಲ ನಮ್ಮಂಗ್ಡೀದು.”

ಎಲ್ಲರೂ ಆಗಲಿ ಅಂದರು. ನಾನೂ ಅಂದೆ. ಅಂದ ಮೇಲೆ ಹೊಳೆಯಿತು, ಕಮ್ಮಿ ಬರುವುದು ಯಾವ ಊರು ಎಂದು.

ಮೊದಲ ಸಂತೆ. ಅರಳಿಕಟ್ಟೆಯ ಮುಂದೆ ದೊಡ್ಡ ಕೆಟಲು, ಸ್ಟೀಲಿನ ಲೋಟಗಳು. ಅಳತೆಗಾಗಿ ಕಾಫಿ ಗಿಡದ ಒಂದು ಉದ್ದನೆಯ ಕಡ್ಡಿಗೆ ಸಮನಾಗಿ ಗೀರು ಹಾಕಿಕೊಟ್ಟಿದ್ದೆ. ಮನೆಯವರು ನಲ್ಲಿಯಲ್ಲಿ ತುಂಬಿದ ನೀರನ್ನೆಲ್ಲ ಹಂಡೆಗೆ ಸುರಿಯುವುದು, ಹಂಡೆಗೆ ಕಡ್ಡಿ ಅದ್ದುವುದು, ಎಷ್ಟು ಗೀರು ನೆನೆಯಿತೋ ಅಷ್ಟು. ಕೂಗುವವನು ನಾನು, ನನ್ನ ಗಂಟಲು ಗುಡ್ಡದ ಆಚೆಗೂ ಕೇಳುತ್ತಿತ್ತು. ಪೇಟೆಬೀದಿ ಒಂಬತ್ತು ಗೀರು ಎಂದು ಕೂಗಿದೆ. ಹೊನ್ನಗುಡ್ಡ ಐದು. ಮೇಲಿನಕೊಪ್ಪಲು, ಕಡ್ಡಿಯ ತುದಿ ಒದ್ದೆ. ಅದನ್ನೂ ಅದೇ ಗಂಟಲಲ್ಲಿ ಕೂಗಿದೆ. ಕೂಗಿ ಕೆಟಲು ಎತ್ತಿಕೊಂಡೆ.

ಸಂತೆಗೆ ಬಂದವರೆಲ್ಲ ಸುತ್ತ ನಿಂತರು. ನನ್ನ ಕೈ ಕೆಳಗೆ ಕೆಲಸ ಮಾಡುವ ಹುಡುಗಿಯರು ಮುಖ ತಿರುಗಿಸಿಕೊಂಡರು. ರುದ್ರಪ್ಪ ಕಟ್ಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು ಲೋಟ ನೀಡಿದ. ಬಗ್ಗಿಸಿದೆ. ಒಂದು ಗುಟುಕು ಕುಡಿದು ಲೋಟ ಮತ್ತೆ ಮುಂದಕ್ಕೆ ಚಾಚಿದ.

“ಸಿಹಿ ಸಾಲ್ದು ಮೇಸ್ತ್ರಿ.”

ಮತ್ತೆ ನಗು. ನಾನು ಪುಡಿಬೆಲ್ಲ ತಂದು ಹಾಕಿ ಕಡ್ಡಿಯಲ್ಲಿ ಕಲಕಿ ಕೊಟ್ಟೆ. ಆ ಮಾತನ್ನು ಮಾತ್ರ ಮಡಿಸಿ ಜೇಬಿಗೆ ಹಾಕಿಕೊಂಡೆ. ಒಂದು ದಿನ ಇದೇ ಜಾಗದಲ್ಲಿ, ಇದೇ ಜನರ ಮುಂದೆ, ಅವನಿಗೇ ವಾಪಸು ಕೊಡಬೇಕೆಂದು.

ಆಮೇಲೆ ಪ್ರತಿ ಸಂತೆಗೂ ಇದೇ ಆಯಿತು. ಬೆಳಿಗ್ಗೆ ಇಬ್ಬನಿ ಆರುವ ಮೊದಲು ಕುಯ್ಲಿಗೆ ಆಳು ಇಳಿಸುವುದು, ಸಂಜೆ ಕಣ, ಸಂತೆಯ ದಿನ ಕೆಟಲು. ಬಿಟ್ಟುಬಿಡು ಎಂದು ಕೊಪ್ಪಲಿನವರು ಹೇಳಿದರು. ಅವರಿಗೆ ನಾನು ಬಗ್ಗಿಸುವುದು ನೋಡಲಾಗುತ್ತಿರಲಿಲ್ಲ. ಬಿಡುವ ಜಾತಿ ನನ್ನದಲ್ಲ. ಸಂತೆಮಾಳದಲ್ಲಿ ಇನ್ನೊಂದು ಸಂಗತಿಯೂ ನಡೆಯುತ್ತಿತ್ತು, ಅದು ರುದ್ರಪ್ಪನ ಕಣ್ಣಿಗೆ ಬಿದ್ದಿರಲಿಲ್ಲ. ಒಂಬತ್ತು, ಐದು, ಒದ್ದೆ ಎಂದು ವಾರ ವಾರ ಕಿವಿಗೆ ಬಿದ್ದರೆ ಏನಾಗುತ್ತದೆ? ಮೊದಲ ವಾರ ನಗುತ್ತಾರೆ. ಆಮೇಲಾಮೇಲೆ, ಅಲ್ಲ, ಒಂಬತ್ತು ಗೀರು ನೀರು ತಗೊಂಡು ಪೇಟೆಯವರು ಏನು ಮಾಡುತ್ತಾರೆ ಎಂದು ತರಕಾರಿ ಮಾರುವವಳು ಕೇಳುತ್ತಾಳೆ. ಆ ವರ್ಷ ನಗು ಮೊದಲು ನಿಂತದ್ದು ಹೊನ್ನಗುಡ್ಡದವರಲ್ಲಿ.

ರುದ್ರಪ್ಪನಿಗೂ ಗಾಳಿ ತಿರುಗಿದ್ದು ತಿಳಿಯಿತು. ಒಂದು ವಾರ ನಮ್ಮ ನಲ್ಲಿಯಲ್ಲಿ ಸಂತೆಯ ಹಿಂದಿನ ದಿನ ಮಾತ್ರ ಧೋ ಎಂದು ನೀರು ಬಂತು. ಅಳೆಯುವವರು ಬರುವ ಹೊತ್ತಿಗೆ ಎಲ್ಲರ ಹಂಡೆ ತುಂಬಿತ್ತು. ಕೊಪ್ಪಲಿನ ಸಮಸ್ಯೆ ಬಗೆಹರಿಯಿತು ಎಂದು ಕಟ್ಟೆಯ ಮೇಲೆ ನಿಂತು ಹೇಳಿದ. ಮಾರನೆಯ ದಿನದಿಂದ ಮತ್ತೆ ಒಣ ನಲ್ಲಿ. ಇದು ನನಗೆ ಗೊತ್ತಿಲ್ಲದ ಆಟವೇ? ಕುಯ್ಯುವವರು ಬುಟ್ಟಿಯ ತಳಕ್ಕೆ ಎಲೆ ತುಂಬಿ ಮೇಲೆ ಕೆಂಪು ಹಣ್ಣು ಹರಡುತ್ತಾರೆ. ಅದಕ್ಕೇ ಕಣದಲ್ಲಿ ನಾವು ಬುಟ್ಟಿಯನ್ನು ನೋಡುವುದಿಲ್ಲ, ಚಾಪೆಗೆ ಕವುಚಿ ನೋಡುತ್ತೇವೆ. ಇನ್ನು ಮೇಲೆ ಅಳೆಯುವವರು ವಾರದ ಯಾವ ದಿನ ಬೇಕಾದರೂ, ಯಾವ ಮನೆಗೆ ಬೇಕಾದರೂ, ಹೇಳದೆ ಹೋಗಬೇಕು ಎಂದು ಮೀಟಿಂಗಿನಲ್ಲಿ ಕೇಳಿದೆ. ಶಾರದಮ್ಮ ಅದನ್ನು ಠರಾವು ಮಾಡಿಸಿದರು. ಆಲೂರಿನಿಂದ ಒಬ್ಬ ಸಾಹೇಬರು ನೋಡಲು ಬಂದು ಎಲ್ಲವನ್ನೂ ಮೆಚ್ಚಿ, ಬೆಲ್ಲದ ಕಾಫಿಯನ್ನೂ ಕುಡಿದು, ಈ ಕಾಫಿ ಯಾವ ಸ್ಕೀಮಿನಲ್ಲಿ ಬರುತ್ತದೆ ಎಂದು ಕೇಳಿಕೊಂಡು ಹೋದರು.

ಹೇಳದೆ ಹೋಗುವ ಸರದಿ ರುದ್ರಪ್ಪನ ಹೆಂಡತಿ ನೀಲಮ್ಮನಿಗೆ ಬಂತು. ಅಷ್ಟು ದಿನ ಪೇಟೆಯ ದೊಡ್ಡ ಮನೆಗಳವರು ಕೆಲಸದವರನ್ನು ಕಳಿಸಿ ಕೈತೊಳೆದುಕೊಳ್ಳುತ್ತಿದ್ದರು. ಆಕೆ ಹಾಗೆ ಮಾಡಲಿಲ್ಲ. ವಿಭೂತಿ ಇಟ್ಟುಕೊಂಡು, ಕಡ್ಡಿ ಹಿಡಿದು, ಒಬ್ಬರೇ ಗುಡ್ಡ ಹತ್ತಿದರು. ನಾನು ಎಸ್ಟೇಟಿನಲ್ಲಿದ್ದೆ, ನಡೆದದ್ದನ್ನು ಗೌರಮ್ಮ ಹೇಳಿದ್ದು.

ಏದುಸಿರು ಬಿಡುತ್ತಾ ಬಂದು ನಮ್ಮ ಜಗಲಿಯಲ್ಲಿ ಕೂತರಂತೆ. ಅಲ್ಲಿಯವರೆಗೆ ಆ ಮನೆಯವರು ನಮ್ಮ ಅಂಗಳದವರೆಗೂ ಬಂದಿದ್ದಿಲ್ಲ. ಗೌರಮ್ಮ ಗೋಡೆ ಹಿಡಿದು ಎದ್ದು ಒಂದು ಚೊಂಬು ನೀರು ಕೊಟ್ಟಳು. ಅಷ್ಟನ್ನೂ ಕುಡಿದು, ತಣ್ಣಗಿದೆ, ಯಾವ ನಲ್ಲಿಯದು ಎಂದು ಕೇಳಿದರಂತೆ. ನಲ್ಲಿಯದಲ್ಲ, ಒರತೆಯದು, ಪಕ್ಕದ ಮನೆಯ ಸೊಸೆ ನನ್ನ ಪಾಲಿಗೆ ಒಂದು ಕೊಡ ಹೊತ್ತು ತಂದು ಹಾಕುತ್ತಾಳೆ ಎಂದಳು ಇವಳು. ಹೊಟ್ಟೆಗೆ ಹೋದ ಮೇಲೆ ಕೇಳಿದ ಮಾತು ಅದು. ನೀಲಮ್ಮ ಚೊಂಬು ಕೆಳಗಿಟ್ಟು ಆ ದಾರಿ ಯಾವುದು ಎಂದರು. ಕಂದರದ ಬಾಯಿಯವರೆಗೆ ಹೋಗಿ, ಕೆಳಗೆ ನೋಡಿ, ಇಳಿಯಲಿಲ್ಲ. ಒಬ್ಬಳು ಹೆಂಗಸು ಎರಡು ಕೊಡ ಹೊತ್ತು ಮೇಲೆ ಬರುವವರೆಗೂ ಅಲ್ಲೇ ನಿಂತಿದ್ದು ವಾಪಸು ಬಂದರು. ಹಂಡೆಗೆ ಕಡ್ಡಿ ಅದ್ದಿದರು. ಹೊರಡುವಾಗ ಇವಳ ಕಾಲನ್ನು ನೋಡಿದರು.

ಆ ಸಂತೆಯ ದಿನ ಕೊಪ್ಪಲಿನ ಲೆಕ್ಕವನ್ನು ಆಕೆಯೇ ಮುಂದೆ ಬಂದು ಹೇಳಿದರು. ಕಡ್ಡಿ ಎತ್ತಿ ಹಿಡಿದು, ಒಣಗಿದೆ ನೋಡಿ ಎಂದರು. ನಾನು ಕೂಗುವ ಅಗತ್ಯವೇ ಬೀಳಲಿಲ್ಲ.

ಆಮೇಲಿನ ಮೀಟಿಂಗಿಗೆ ಮೂರೂ ಊರಿನ ಹೆಂಗಸರು ಬಂದು ಬಾಗಿಲಲ್ಲಿ ನಿಂತರು. ಶಾರದಮ್ಮ ಅಷ್ಟು ದಿನದ ಅಳತೆಯನ್ನು ಓದಿದರು. ಪೇಟೆಯ ನಲ್ಲಿಗಳಿಗೆ ತಿರುಪೇ ಇಲ್ಲ, ಅರ್ಧಕ್ಕರ್ಧ ನೀರು ಚರಂಡಿಗೆ ಹೋಗುತ್ತಿದೆ. ತಿರುಪು ಹಾಕಿಸಿ, ಕರೆಂಟು ಬಂದ ಕೂಡಲೇ ಮೊದಲು ಕೊಪ್ಪಲಿಗೆ ಹತ್ತಿಸಿದರೆ ಯಾರಿಗೂ ಕೊರತೆ ಬೀಳುವುದಿಲ್ಲ ಎಂದರು. ರುದ್ರಪ್ಪ ತಾಂತ್ರಿಕ ತೊಂದರೆ ಎಂದ, ಮುಂದಿನ ವರ್ಷ ಎಂದ. ಬಾಗಿಲಲ್ಲಿ ನೀಲಮ್ಮನನ್ನು ನೋಡಿ ಬಾಯಿ ಮುಚ್ಚಿಕೊಂಡು ಸಹಿ ಹಾಕಿದ.

ನಮ್ಮ ಟ್ಯಾಂಕಿಗೆ ನೀರು ಏರಿತು. ಮೊದಲ ದಿನ ನಲ್ಲಿಯಿಂದ ತುಕ್ಕು, ಜೇಡ, ಒಂದು ಸತ್ತ ಹಲ್ಲಿ ಬಂತು. ಆಮೇಲೆ ತಿಳಿನೀರು. ಕೊಪ್ಪಲಿನವರು ಕುಣಿದಾಡಿದರು. ಸಂತೆಯಲ್ಲಿ ಕಮ್ಮಿ ಬರುವ ಊರು ಈಗ ಹೊನ್ನಗುಡ್ಡವಾಯಿತು, ಅಲ್ಲಿನ ಮೆಂಬರು ನಗುತ್ತಾ ಕಾಫಿ ಬಗ್ಗಿಸಿದ. ಎಲ್ಲರಿಗೂ ಕೆಲಸ ಮುಗಿದಂತೆ. ನನ್ನದು ಮುಗಿದಿರಲಿಲ್ಲ. ನೀರು ಬಂತು ಸರಿ, ಅದು ಬರಬೇಕಾದದ್ದೇ. ಗೌರಮ್ಮನ ಕಾಲಿಗೂ ಆ ನಗುವಿಗೂ ಲೆಕ್ಕ ಎಲ್ಲಿ ಚುಕ್ತಾ ಆಯಿತು? ನಾನು ಕಾದೆ.

ಕುಯ್ಲು ಮುಗಿಯುತ್ತಾ ಬಂದು, ಕಾಫಿ ಹೂವಿನ ಮಳೆಗೆ ಎಲ್ಲರೂ ಆಕಾಶ ನೋಡುತ್ತಿದ್ದ ದಿನಗಳಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಆ ವಾರ ಕರೆಂಟು ಬಂದದ್ದೇ ಅಷ್ಟಿಷ್ಟು. ಬಂದಷ್ಟು ನೀರು ಠರಾವಿನ ಪ್ರಕಾರ ಮೊದಲು ಕೊಪ್ಪಲಿಗೆ ಹೋಯಿತು, ಆಮೇಲೆ ಹೊನ್ನಗುಡ್ಡಕ್ಕೆ. ಪೇಟೆಯ ನಲ್ಲಿಗಳು ಬುಸ್ ಎಂದು ಗಾಳಿ ಬಿಟ್ಟವು. ಆ ಸಂತೆಗೆ ಗೌರಮ್ಮನನ್ನೂ ಕರೆದುಕೊಂಡು ಹೋದೆ. ಗೊಬ್ಬರದ ಜೀಪು ಕೆಳಗೆ ಹೋಗುತ್ತಿತ್ತು, ಮುಂದಿನ ಸೀಟಿನಲ್ಲಿ ಕೂರಿಸಿದೆ. ಬಿದ್ದ ಮೇಲೆ ಅವಳು ಸಂತೆ ನೋಡಿದ್ದು ಅದೇ ಮೊದಲು. ಕಟ್ಟೆಯ ಮುಂದೆ ಕಲ್ಲುಬೆಂಚಿನ ಮೇಲೆ ಕೂತಳು.

ನಾನು ಕೂಗಲು ನಿಂತೆ. ಪೇಟೆಯನ್ನು ಅಳೆದಿದ್ದ ಹೊನ್ನಗುಡ್ಡದ ಇಬ್ಬರು ಹೆಂಗಸರು ರುದ್ರಪ್ಪನ ಮುಖ ನೋಡಿ, ನೆಲ ನೋಡಿ, ಪೇಟೆದೂ ನಮ್ಮದೂ ಸಮ ಎಂದರು. ನಾಳೆ ಉಪ್ಪಿಗೂ ಅವನ ಅಂಗಡಿಗೇ ಹೋಗಬೇಕಾದವರು ಅವರು. ಸಮ ಎಂದರೆ ಯಾರೂ ಬಗ್ಗಿಸಬೇಕಾಗಿಲ್ಲ. ರುದ್ರಪ್ಪ ಕಟ್ಟೆಯಿಂದ ಇಳಿಯಲು ಚಪ್ಪಲಿಗೆ ಕಾಲು ತೂರಿಸಿದ. ಕಣದಲ್ಲಿ ಅಳೆದವರು ಹೇಳಿದ್ದನ್ನೇ ಕೂಗಬೇಕು, ಕೂಗುವವನು ತನ್ನದನ್ನು ಸೇರಿಸುವ ಹಾಗಿಲ್ಲ. ಅಷ್ಟು ವರ್ಷ ನಾನೇ ಕಾಪಾಡಿಕೊಂಡು ಬಂದ ಮಾತು ಅದು. ಆದರೂ ಬಾಯಿ ತೆರೆದೆ.

ಆಗ ಹಿಂದಿನಿಂದ ನೀಲಮ್ಮನ ದನಿ ಬಂತು.

“ಸಮ ಅಲ್ಲ. ನಮ್ಮನೆ ಹಂಡೆ ತಳ ಕಾಣ್ತೈತೆ. ಇವತ್ತು ಲಿಂಗಕ್ಕೆ ನೀರು ಬಿಡಕ್ಕೂ ಪಕ್ಕದ್ಮನೆಯಿಂದ ಇಸ್ಕಂಡು ಬಂದೆ. ನಮ್ದೇ ಕಮ್ಮಿ. ಕೂಗಿ ಮೇಸ್ತ್ರಣ್ಣ.”

ಕೂಗಿದೆ. ಗುಡ್ಡದ ಮೇಲಿನವರಿಗೂ ಕೇಳಲಿ ಎಂದು ಕೂಗಿದೆ.

ರುದ್ರಪ್ಪ ಕೆಟಲು ಹಿಡಿದ. ಹಿಡಿಯದೆ ಇರುವ ಹಾಗಿರಲಿಲ್ಲ. ಕಾಫಿಯ ಪದ್ಧತಿ ಇಟ್ಟವನು ಅವನೇ. ಬಿಳಿ ಪಂಚೆಯ ತುದಿ ಎತ್ತಿ ಕಟ್ಟಿ, ಹಣ್ಣು ಕುಯ್ದು ಬೆರಳು ಕಪ್ಪಾದ ನಮ್ಮ ಹುಡುಗಿಯರಿಗೆ ಬಗ್ಗಿಸಿದ, ಹೊನ್ನಗುಡ್ಡದವರಿಗೆ ಬಗ್ಗಿಸಿದ, ನನ್ನ ಹತ್ತಿರ ಬಂದ. ಅಷ್ಟು ದಿನ ಜೇಬಿನಲ್ಲಿಟ್ಟ ಮಾತನ್ನು ತೆಗೆದೆ.

“ಸಿಹಿ ಸಾಲ್ದು ಅಧ್ಯಕ್ಷರೆ.”

ಜನ ಹೋ ಎಂದು ನಕ್ಕರು. ರುದ್ರಪ್ಪನೂ ನಕ್ಕ. ನಮ್ಮೆಲ್ಲರಿಗಿಂತ ಜೋರಾಗಿ ನಕ್ಕು ನನ್ನ ಹೆಗಲು ತಟ್ಟಿದ. “ನಾಳೆ ಬೆಲ್ಲದ್ ಮೂಟೇನೇ ಕಳುಸ್ತೀನಿ ಬಿಡು ಮಾರಾಯ” ಎಂದ. ಜನ ಅದಕ್ಕೂ ನಕ್ಕರು. ಎಂಥ ಮನುಷ್ಯ, ಸ್ವಲ್ಪವೂ ಅಹಂಕಾರವಿಲ್ಲ ಎಂದು ಯಾರೋ ಹಿಂದೆ ಅನ್ನುವುದು ಕೇಳಿಸಿತು. ನಾನು ತಿಂಗಳುಗಟ್ಟಲೆ ಮಸೆದಿಟ್ಟುಕೊಂಡದ್ದು ಅವನ ಕೈಯಲ್ಲಿ ಹೂವಾಗಿಹೋಯಿತು. ಲೋಟ ಹಿಡಿದುಕೊಂಡು ನಿಂತೆ. ಇನ್ನು ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

ಅವನು ಅದೇ ನಗುಮುಖದಲ್ಲಿ ಬೆಂಚಿನ ಹತ್ತಿರ ಹೋಗಿ, ಗೌರಮ್ಮನ ಮುಂದೆ ಬಗ್ಗಿ, ಲೋಟದ ಕಂಠದವರೆಗೆ ಬಗ್ಗಿಸಲು ಹೊರಟ. ಅವಳು ಅಂಗೈಯನ್ನು ಲೋಟದ ಮೇಲೆ ಅಡ್ಡ ಇಟ್ಟಳು.

“ಅರ್ಧ ಹಾಕಿ ಸಾಕು ಸಾವ್ಕಾರ್ರೆ. ತುಂಬಿದ್ ಲೋಟ ಹಿಡ್ಕಂಡು ನಡ್ಯಕ್ಕಾಗಲ್ಲ ನಂಗೆ. ಚೆಲ್ಲೋಯ್ತದೆ.”

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದ ಸಂಗತಿ ಹೇಳಿದ್ದಳು. ಲೋಟ ತೆಗೆದುಕೊಂಡು, ಬೆಂಚಿನ ತುದಿ ಹಿಡಿದು ಎದ್ದು, ಜೀಪಿನ ಕಡೆ ನಡೆದಳು. ಆ ಗಿಡ್ಡ ಕಾಲು ಪ್ರತಿ ಸಲ ಕೆಳಗಿಳಿದಾಗಲೂ ಅರ್ಧ ಲೋಟದ ಕಾಫಿ ಕಂಠದವರೆಗೆ ಎದ್ದು ಬೀಳುತ್ತಿತ್ತು. ಸಂತೆಗೆ ಸಂತೆಯೇ ಅದನ್ನು ನೋಡಿತು. ತೂಕ ಹಾಕುತ್ತಿದ್ದ ಮೆಣಸಿನಕಾಯಿಯವನು ತಕ್ಕಡಿ ಹಿಡಿದೇ ನಿಂತ. ನಾನು ನೋಡಿದ್ದು ರುದ್ರಪ್ಪನನ್ನು. ಬಗ್ಗಿದವನು ಬಗ್ಗಿದ ಹಾಗೇ ಇದ್ದ. ನಗು ಮುಖದ ಮೇಲೆ ಇತ್ತು, ಅದನ್ನು ಎಲ್ಲಿ ಇಡಬೇಕೋ ಗೊತ್ತಾಗುತ್ತಿರಲಿಲ್ಲ ಅವನಿಗೆ. ಕೆಟಲಿನ ಮೂತಿಯಿಂದ ಕಾಫಿ ಅವನ ಪಾದದ ಮೇಲೇ ಸುರಿಯುತ್ತಿತ್ತು. ನೀಲಮ್ಮ ಬಂದು ಕೈಯಿಂದ ಕೆಟಲು ಬಿಡಿಸಿಕೊಂಡರು.

ನಾನು ಬೇಡಿಕೊಂಡದ್ದು ಅದೇ. ಕಣ್ಣಾರೆ ನೋಡಿದೆ.

ಅಲ್ಲಿಗೆ ಮುಗಿಯಿತು ಎಂದುಕೊಂಡವರು ಇದ್ದಾರೆ. ನಮ್ಮ ಪಂಚಾಯ್ತಿಯ ಅವಧಿ ಮುಗಿದ ಮೇಲೆ ಕೂಗುವ ಪದ್ಧತಿ ನಿಂತಿತು. ಹೊಸಬರಿಗೆ ಅದು ಬೇಕಿರಲಿಲ್ಲ. ಕೊಪ್ಪಲಿನ ಟ್ಯಾಂಕಿಗೆ ಹೊಸ ಬಣ್ಣ ಬಂತು, ಅದರ ಮೇಲೆ ಕಲ್ಲು ಕೂತಿತು, ಕಲ್ಲಿನ ಮೇಲೆ ರುದ್ರಪ್ಪನ ಹೆಸರು ಕೂತಿತು. ನೀರು ತಂದವರು ರುದ್ರಪ್ಪನವರು ಎಂದು ಈಗಿನ ಹುಡುಗರು ನನಗೇ ಹೇಳುತ್ತಾರೆ. ಆ ನೀರಿನ ಕೊಪ್ಪಲಿನಲ್ಲಿ ನಾವು ಬಾಳಲಾಗಲಿಲ್ಲ. ಗುಡ್ಡದ ಏರು ಗೌರಮ್ಮನ ಕಾಲಿಗೆ ಆಗಲಿಲ್ಲ. ಮನೆ ಕೊಟ್ಟು ಆಲೂರಿಗೆ ಇಳಿದೆವು, ಸಮನಾದ ಬೀದಿ ಹುಡುಕಿಕೊಂಡು. ನಾನು ಕಾಫಿ ಗೋಡೌನಿನಲ್ಲಿ ಮೂಟೆ ಹೊತ್ತು ಜೀವನ ಕಟ್ಟಿಕೊಂಡೆ. ಮೇಸ್ತ್ರಿಯಾಗಿದ್ದವನು.

ಅದಕ್ಕೇ ವರ್ಷಕ್ಕೊಮ್ಮೆ ಹೋಗುತ್ತೇನೆ. ಹೋದವನಿಗೆ ಆ ಮನೆಯಲ್ಲಿ ಕಾಫಿ ಕೊಡದೆ ಕಳಿಸುವುದಿಲ್ಲ, ಅಷ್ಟು ಮರ್ಯಾದೆ ಗೊತ್ತಿರುವ ಮನೆ. ನೀಲಮ್ಮ ಇದ್ದಷ್ಟು ದಿನ ಅವರೇ ತರುತ್ತಿದ್ದರು, ಈಗ ಸೊಸೆ ತರುತ್ತಾಳೆ. ಲೋಟ ತುಂಬಿ ತರುತ್ತಾರೆ. ರುದ್ರಪ್ಪ ಎದುರಿಗೆ ಕೂತಿರುತ್ತಾನೆ. ನಾನು ಅಂಗೈ ಅಡ್ಡ ಇಟ್ಟು, ಅರ್ಧ ಸಾಕು, ಎನ್ನುತ್ತೇನೆ. ಮಳೆ, ಬೆಳೆ, ಮೆಣಸಿನ ರೇಟು ಮಾತಾಡಿ ಎದ್ದು ಬರುತ್ತೇನೆ.

ಈ ಸಲ ಅವನು ಬಹಳ ಇಳಿದುಹೋಗಿದ್ದ. ನನ್ನನ್ನು ಕಂಡು ಕಣ್ಣು ಕಿರಿದು ಮಾಡಿದ, ಗುರುತು ಹಿಡಿದ, ಏಳಲು ಹೋದ, ಆಗಲಿಲ್ಲ. ಇಷ್ಟಕ್ಕೆ ಬಿಡಬಹುದೇನೋ ಎಂದು ಒಂದು ಗಳಿಗೆ ನನಗೂ ಅನ್ನಿಸಿತು. ಅಷ್ಟರಲ್ಲಿ ಅವನೇ ಒಳಗೆ ತಿರುಗಿ ಸೊಸೆಗೆ ಏನೋ ಹೇಳಿದ. ಲೋಟ ಬಂತು. ನಾನು ಕೈ ಎತ್ತುವ ಮೊದಲೇ ಅದು ಅರ್ಧವಿತ್ತು. ರುದ್ರಪ್ಪ ನನ್ನ ಮುಖ ನೋಡಲಿಲ್ಲ. ನೆಲ ನೋಡುತ್ತಾ, ತನ್ನ ಪಾದ ನೋಡುತ್ತಾ ಕೂತಿದ್ದ. ನಾನು ನಿಧಾನವಾಗಿ, ಒಂದೊಂದೇ ಗುಟುಕು, ಪೂರ್ತಿ ಕುಡಿದೆ.

ಸಂಜೆ ಆಲೂರಿಗೆ ಬಂದಾಗ ಗೌರಮ್ಮ ಬಾಗಿಲಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, ಎಷ್ಟು ಹಾಕಿದರು ಎಂದು ಕೇಳಿದಳು. ಪ್ರತಿ ವರ್ಷ ಕೇಳುವುದು ಅದೊಂದೇ. ನಾನು ಕೇಳುವ ಮೊದಲೇ ಅರ್ಧ ತರಿಸಿದ, ಮರೆತಿಲ್ಲ, ಎಂದೆ.

ಮೊರದಲ್ಲಿ ಒಂದು ಕಲ್ಲು ಸಿಕ್ಕಿತು ಅವಳಿಗೆ. ಅದನ್ನು ಎತ್ತಿ ಅಂಗಳಕ್ಕೆ ಎಸೆದಳು.

“ಹಂಗಾರೆ ಬರೋ ವರ್ಷಾನೂ ಹೋಗ್ಬುಟ್ಟು ಬನ್ನಿ” ಎಂದಳು.